ಲಾಂಡ್ರಿಯವಳ ಕೌದಿ

ಇಪ್ಪತ್ತೇಳು ವರ್ಷ ಅಣುಸ್ಥಾವರದ ಬಟ್ಟೆ ಒಗೆದ ನೊರೆಯಕ್ಕ ಅದರ ಎದುರು ಗೇಟಿನೊಳಗೆ ಒಂದು ದಿನವೂ ಕಾಲಿಟ್ಟವಳಲ್ಲ. ಅವಳ ದಾರಿ ಹಿಂದಿನದು. ಕ್ಯಾಂಟೀನಿನ ಮುಸುರೆ ಬಕೆಟ್ಟೂ ಕಸದ ಗಾಡಿಯೂ ಹೋಗುವ ತಗಡಿನ ಬಾಗಿಲು. ಎದುರು ಗೇಟಿನಲ್ಲಿ ಅಳೆಯುವ ಯಂತ್ರವಿತ್ತು. ಒಳಗೆ ಹೋಗುವವರು, ಹೊರಗೆ ಬರುವವರು ಅದರಲ್ಲಿ ನಿಲ್ಲಬೇಕು. ಎರಡು ಕೈಯನ್ನು ಎರಡು ತೂತಿಗೆ ತೂರಿಸಬೇಕು. ಹತ್ತರಿಂದ ಒಂದರವರೆಗೆ ಒಂದು ಹೆಣ್ಣುದನಿ ಎಣಿಸುತ್ತದೆ. ಹಸಿರು ದೀಪ ಬಂದರೆ ನಡೆಯಬಹುದು. ಮೈಮೇಲೆ ವಿಕಿರಣದ ಧೂಳು ಕೂತಿದ್ದರೆ ಕೆಂಪು ದೀಪ ಹತ್ತಿ ಯಂತ್ರ ಕೂಗುತ್ತದೆ.

ತಗಡಿನ ಬಾಗಿಲಿಗೆ ಯಂತ್ರವಿರಲಿಲ್ಲ. ಯಾಕೆಂದರೆ ಲಾಂಡ್ರಿ ಹೊರಗಿನದು. ಕಾಂಪೌಂಡು ಒಂದೇ, ಗೋಡೆ ಒಂದೇ, ಒಳಗಿನವರ ಬೆವರೂ ಜಿಡ್ಡೂ ಬಂದು ಬೀಳುವುದು ಇಲ್ಲೇ. ಆದರೂ ಕಾಗದದಲ್ಲಿ ಲಾಂಡ್ರಿ ಹೊರಗೆ. ಹೊರಗಿನವರನ್ನು ಅಳೆಯುವುದು ಯಾಕೆ? ಒಳಗಿನವರ ಎದೆಯ ಮೇಲೆ ವಿಕಿರಣ ಲೆಕ್ಕ ಹಿಡಿಯುವ ಬ್ಯಾಡ್ಜು ನೇತಾಡುತ್ತಿತ್ತು. ಲಾಂಡ್ರಿಯ ಹದಿನಾಲ್ಕು ಹೆಂಗಸರ ಎದೆಯ ಮೇಲೆ ಸೆರಗು ಬಿಟ್ಟರೆ ಏನೂ ಇರಲಿಲ್ಲ.

ಬೆಳಿಗ್ಗೆ ಆರಕ್ಕೆ ಹಳದಿ ಚೀಲಗಳು ಬಂದು ಬೀಳುತ್ತಿದ್ದವು. ಕತ್ತಿನಿಂದ ಕಾಲಿನವರೆಗೆ ಮುಚ್ಚುವ ದಪ್ಪ ಹತ್ತಿಯ ಡ್ರೆಸ್ಸು, ಕೈಗವಸು, ತಲೆಟೊಪ್ಪಿ, ಬೂಟಿನ ಮೇಲೆ ಹಾಕುವ ಬಟ್ಟೆಚೀಲ. ಮೊದಲು ಜೇಬು ಹೊರಗೆಳೆಯಬೇಕು. ಆಮೇಲೆ ಮೊಣಕಾಲು, ಮೊಣಕೈ, ಕಾಲರು ನೋಡಬೇಕು. ಕಲೆ ಇದ್ದರೆ ಕಲ್ಲಿನ ಮೇಲೆ ಹಾಕಿ ಬ್ರಷ್ಷಿನಲ್ಲಿ ತಿಕ್ಕಬೇಕು. ದೊಡ್ಡ ಮೆಷಿನ್ನಿಗೆ ಹಾಕುವುದು ಆಮೇಲೆ. ತಿಕ್ಕಿ ತಿಕ್ಕಿ ಉಗುರಿನ ಬುಡ ಬಿಟ್ಟುಕೊಳ್ಳುತ್ತಿತ್ತು. ಸೋಪಿನ ನೀರು ಬಾಯಿಗೆ ಸಿಡಿಯುತ್ತಿತ್ತು, ಕಣ್ಣಿಗೆ ಸಿಡಿಯುತ್ತಿತ್ತು. ಸೆರಗಿನಲ್ಲಿ ಒರೆಸಿಕೊಂಡು ಮುಂದಿನ ಬಟ್ಟೆ ತೆಗೆಯುತ್ತಿದ್ದರು. ಮೊಣಕೈಯವರೆಗೆ ನೊರೆ ಹತ್ತಿಸಿಕೊಂಡೇ ಮಾತಾಡುತ್ತಿದ್ದ ಇವಳಿಗೆ ಯಾರೋ ನೊರೆಯಕ್ಕ ಅಂದರು, ಅದೇ ನಿಂತಿತು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿದೆ.

ಒಳಗೆ ಏನು ನಡೆಯಿತು ಎಂದು ಊರಿಗಿಂತ ಮೊದಲು ಲಾಂಡ್ರಿಗೆ ತಿಳಿಯುತ್ತಿತ್ತು. ಯಾರೂ ಹೇಳುತ್ತಿರಲಿಲ್ಲ, ಬಟ್ಟೆ ಹೇಳುತ್ತಿತ್ತು. ಚೀಲ ಹೆಚ್ಚಾದರೆ ಕೆಲಸ ಹೆಚ್ಚಾಗಿದೆ. ಮೊಣಕಾಲು ಒದ್ದೆಯಾಗಿದ್ದರೆ ಎಲ್ಲೋ ಸೋರಿದೆ, ನೆಲಕ್ಕೆ ಮಂಡಿಯೂರಿ ಒರೆಸಿದ್ದಾರೆ.

ಅವಳು ಮಗನನ್ನು ಹೊತ್ತಿದ್ದ ವರ್ಷ ಅಂಥದ್ದೇ ಒಂದು ನಡೆಯಿತು. ಒಂಬತ್ತು ದಿನ ಹಳದಿ ಚೀಲಗಳು ಮೂರು ಪಟ್ಟು ಬಂದವು. ಎಲ್ಲದರ ಮೊಣಕಾಲೂ ಒದ್ದೆ. ತುಕ್ಕಿನ ಬಣ್ಣದ ಕಲೆ, ಎಷ್ಟು ತಿಕ್ಕಿದರೂ ಬಿಡದು. ಏನಾಯಿತು ಎಂದು ಕೇಳಿದ್ದಕ್ಕೆ ಲಾಂಡ್ರಿಯ ಮೇಸ್ತ್ರಿ, ಪೈಪು ಸೋರಿದೆ ಅಷ್ಟೆ, ನಿಮ್ಮನೆ ನಲ್ಲಿ ಸೋರಲ್ವಾ ಎಂದು ನಕ್ಕ. ಹತ್ತನೆಯ ದಿನ, ಕಲೆ ಬಿಡದ ಬಟ್ಟೆಗಳ ಒಂದು ಗುಡ್ಡವೇ ಉಳಿಯಿತು. ಅವನ್ನು ಡ್ರಮ್ಮಿಗೆ ತುಂಬಿ ಹೂಳಬೇಕಿತ್ತು. ಆದರೆ ಡ್ರಮ್ಮು ಹೆಚ್ಚಾದರೆ ಮೇಲಿನವರ ಪ್ರಶ್ನೆಯೂ ಹೆಚ್ಚು. ಮೇಸ್ತ್ರಿ ಉಪಾಯ ಮಾಡಿದ. ಒಳ್ಳೇ ಹತ್ತಿ, ಯಾಕೆ ಮಣ್ಣುಪಾಲು ಮಾಡ್ಬೇಕು, ನಂಬರು ಕಿತ್ತುಹಾಕಿ ತಗೊಂಡು ಹೋಗ್ರಮ್ಮ ಎಂದ. ಇಪ್ಪತ್ತೇಳು ವರ್ಷದಲ್ಲಿ ಪ್ಲಾಂಟು ಲಾಂಡ್ರಿಗೆ ಕೊಟ್ಟ ಉಡುಗೊರೆ ಅದೊಂದೇ.

ಹೆಂಗಸರು ಖುಷಿಯಿಂದ ಹೊತ್ತುಕೊಂಡು ಹೋದರು. ಲಾಂಡ್ರಿಯವರ ಓಣಿಯಲ್ಲಿ ಆ ಬಟ್ಟೆ ಪರದೆಯಾಯಿತು, ದಿಂಬಿನ ಚೀಲವಾಯಿತು, ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯಾಯಿತು. ನೊರೆಯಕ್ಕ ತುಂಬುಹೊಟ್ಟೆಯ ಮೇಲೇ ಬಟ್ಟೆ ಹರಡಿಕೊಂಡು ಹದಿನಾರು ತುಂಡಿನ ಕೌದಿ ಹೊಲಿದಳು. ಬೆನ್ನಿನ ತುಂಡು, ತೋಳಿನ ತುಂಡು, ಒಂದು ಮೂಲೆಗೆ ಜೇಬಿನ ತುಂಡು. ಜೇಬನ್ನು ಬಿಚ್ಚದೆ ಹಾಗೇ ಇಟ್ಟಳು. ಹುಟ್ಟುವ ಮಗು ಏನಾದರೂ ಇಟ್ಟುಕೊಳ್ಳಲಿ ಎಂದು.

ಮಗ ಹುಟ್ಟಿದ. ಆ ಜೇಬಿನಲ್ಲಿ ಗೋಲಿ ಇಟ್ಟುಕೊಂಡ, ಬಳಪ ಇಟ್ಟುಕೊಂಡ. ಜೇಬಿನ ತುದಿಯನ್ನು ಯಾವಾಗಲೂ ಕೆನ್ನೆಯ ಕಡೆಗೇ ಎಳೆದುಕೊಂಡು ಮಲಗುತ್ತಿದ್ದ. ಮೀಸೆ ಬಂದ ಮೇಲೂ ಆ ಕೌದಿ ಬಿಡಲಿಲ್ಲ. ಸೈಕಲ್ಲು ರಿಪೇರಿ ಅವನ ಕಸುಬು. ಅಮ್ಮನ ಹಾಗೆ ಪ್ಲಾಂಟಿನ ಚಾಕರಿ ಬೇಡ ಎಂದು ಅತ್ತ ತಲೆ ಹಾಕಿಯೂ ಮಲಗಲಿಲ್ಲ. ಮದುವೆಯಾದ. ಹೆಂಡತಿ ಬಸುರಿಯಾದಳು. ಅದೇ ತಿಂಗಳು ಜ್ವರ ಬಂತು, ಒಸಡಿನಲ್ಲಿ ರಕ್ತ ಬಂತು. ರಕ್ತದ ಕ್ಯಾನ್ಸರ್ ಎಂದರು. ಚಳಿ ಎಂದು ನಡುಗುತ್ತಿದ್ದವನಿಗೆ ತಾಯಿ ಆ ಕೌದಿಯನ್ನೇ ಎರಡು ಮಡಿಕೆ ಮಾಡಿ ಹೊದಿಸಿದಳು. ಎಂಟನೆಯ ವಾರ ಸತ್ತ. ಇಪ್ಪತ್ತಮೂರು ವರ್ಷ.

ಲಾಂಡ್ರಿಯವರ ಮನೆಗಳಲ್ಲಿ ಹೀಗೆ ಸತ್ತವರಲ್ಲಿ ಇವನು ಐದನೆಯವನು. ನೊರೆಯಕ್ಕ ಅರ್ಜಿ ಬರೆಸಿ ಹಾಕಿದಳು. ನಮಗೂ ಬ್ಯಾಡ್ಜು ಕೊಡಿ, ನಮ್ಮನ್ನೂ ಅಳೆಯಿರಿ ಎಂದಷ್ಟೇ ಅದರಲ್ಲಿ ಕೇಳಿದ್ದಳು. ಉತ್ತರ ಬಂತು. ಸೊಸೆ ಎಷ್ಟು ಸಲ ಓದಿ ಹೇಳಿದ್ದಳೆಂದರೆ ಅದು ಅತ್ತೆಗೆ ಬಾಯಿಪಾಠವಾಗಿತ್ತು. ‘ಲಾಂಡ್ರಿಯು ವಿಕಿರಣ ವಲಯದ ಹೊರಗಿದೆ. ಅಲ್ಲಿಗೆ ಬರುವ ಬಟ್ಟೆಗಳಲ್ಲಿ ಅಪಾಯಕಾರಿಯಾದದ್ದು ಏನೂ ಇರುವುದಿಲ್ಲ.’ ಕಾಗದವನ್ನು ಮಡಿಸಿ ಸಂಚಿಯಲ್ಲಿ ಇಟ್ಟುಕೊಂಡಳು. ಗಂಡ ಸತ್ತ ಇಪ್ಪತ್ತನೆಯ ದಿನಕ್ಕೆ ಸೊಸೆಯೂ ಲಾಂಡ್ರಿಗೆ ಸೇರಿದಳು. ಹೊಟ್ಟೆ ಯಾರಪ್ಪನ ಮಾತು ಕೇಳುತ್ತದೆ?

ಸ್ಥಾವರಕ್ಕೆ ಐವತ್ತು ತುಂಬಿತು. ಗೋಡೆಗೆ ಸುಣ್ಣ ಬಳಿದರು. ಗೇಟಿನ ಒಳಗಿನ ಸಭಾಂಗಣದಲ್ಲಿ ಚರಿತ್ರೆಯ ಪ್ರದರ್ಶನ. ಅದಕ್ಕೆ ಹಳೆಯ ವಸ್ತು ಹುಡುಕುತ್ತ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ ಸಾಹೇಬ ಓಣಿಗೆ ಬಂದ. ಓಣಿಯವರು ಆಗಲೇ ಅವನಿಗೆ ಚರಿತ್ರೆ ಸಾಹೇಬ ಎಂದು ಹೆಸರಿಟ್ಟರು. ಸಭ್ಯ ಮನುಷ್ಯ, ಕೊಟ್ಟ ನೀರು ಕುಡಿದ. ಏಳು ತಿಂಗಳ ಹೊಟ್ಟೆಯ ಸೊಸೆ ಹುಟ್ಟುವ ಕೂಸಿಗೆಂದು ಕೌದಿಯನ್ನು ಬಿಸಿಲಿಗೆ ಹಾಕಿದ್ದಳು. ಅವನ ಕಣ್ಣು ಅದರ ಮೇಲೆ ಬಿತ್ತು. ಇದು ಹಳೇ ಕಾಲದ ಡ್ರೆಸ್ಸಿನ ಬಟ್ಟೆಯಲ್ವಾ, ಇಂಥ ಹತ್ತಿ ಈಗ ಬರಲ್ಲ, ನಮ್ಮಲ್ಲಿ ಒಂದೂ ಉಳಿದಿಲ್ಲ ಎಂದು ಹಿಗ್ಗಿಹೋದ. ಎರಡು ದಿನ ಪ್ರದರ್ಶನಕ್ಕೆ ಕೊಡಿ, ನೀವೇ ತನ್ನಿ, ಎದುರು ಗೇಟಿನಿಂದ ಬನ್ನಿ, ನಿಮಗೆ ಕುರ್ಚಿ ಹಾಕಿಸ್ತೀನಿ ಎಂದ.

ಅವಳೂ ಹಿಗ್ಗಿದಳು. ಯಾಕೆ ಹಿಗ್ಗಬಾರದು? ಇಪ್ಪತ್ತೇಳು ವರ್ಷದಲ್ಲಿ ಅವಳಿಗೆ ಕೂತುಕೋ ಎಂದು ಹೇಳಿದ ಮೊದಲ ಸಾಹೇಬ ಅವನು.

ಮರುದಿನ ಹನ್ನೆರಡು ಗಂಟೆಗೆ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಕೌದಿಯನ್ನು ಮಡಿಸಿ ಎದೆಗವಚಿಕೊಂಡು ಎದುರು ಗೇಟಿಗೆ ಬಂದಳು. ಗಾಜಿನಾಚೆ ಪ್ರದರ್ಶನದ ದೊಡ್ಡ ಫಲಕ ಕಾಣುತ್ತಿತ್ತು. ಅಡಿಗಲ್ಲು ಹಾಕಿದವರು, ಗುಂಡಿ ಒತ್ತಿದವರು, ಕೈಕುಲುಕಿದವರ ಫೋಟೋಗಳು. ಕೆಳಗೆ ದಪ್ಪಕ್ಷರದಲ್ಲಿ, ‘ಐವತ್ತು ವರ್ಷ, ಒಂದೂ ಅವಘಡವಿಲ್ಲ’ ಎಂದಿದ್ದದ್ದನ್ನು ಗೇಟಿನಲ್ಲಿ ಕಾಯುತ್ತಿದ್ದ ಚರಿತ್ರೆ ಸಾಹೇಬನೇ ಓದಿ ಹೇಳಿದ. ಒಂಬತ್ತು ದಿನದ ಒದ್ದೆ ಮೊಣಕಾಲುಗಳು ಅವಳ ಕಣ್ಮುಂದೆ ಬಂದವು. ಸಂಭ್ರಮದ ಹೊತ್ತಲ್ಲಿ ಯಾಕೆ ಎಂದು ಸುಮ್ಮನಾದಳು.

ಯಂತ್ರದ ಪಕ್ಕ ಬಿಳಿ ಕೋಟಿನ ಹುಡುಗಿಯೊಬ್ಬಳು ಕೈಯಲ್ಲಿ ಹಿಡಿಯುವ ಮೀಟರು ಇಟ್ಟುಕೊಂಡು ಕೂತಿದ್ದಳು. ಇಲ್ಲಿ ನಿಲ್ಲಿ ಅಮ್ಮ ಎಂದು ತೋರಿಸಿದಳು. ನೊರೆಯಕ್ಕ ಚಪ್ಪಲಿ ಬಿಟ್ಟು ಹತ್ತಿದಳು. ಚಪ್ಪಲಿ ಹಾಕ್ಕೊಂಡೇ ನಿಲ್ಲಬಹುದು ಎಂದು ಹುಡುಗಿ ನಕ್ಕಳು. ಹೆಣ್ಣುದನಿ ಹತ್ತು ಎಂದಿತು, ಒಂಬತ್ತು ಎಂದಿತು. ಎಂಟು ಎನ್ನುವ ಮೊದಲೇ ಕೆಂಪು ದೀಪ ಹತ್ತಿ ಯಂತ್ರ ಕೂಗತೊಡಗಿತು.

ಹುಡುಗಿಯ ನಗು ಅಲ್ಲೇ ಸತ್ತಿತು. ಕೈಗವಸು ಹಾಕಿಕೊಂಡು ಕೌದಿಯನ್ನು ಸ್ಟೀಲು ಮೇಜಿನ ಮೇಲೆ ಹರಡಿದಳು. ಮೀಟರನ್ನು ಒಂದೊಂದೇ ತುಂಡಿನ ಮೇಲೆ ಹಿಡಿದಳು. ಕೆಲವು ತುಂಡಿನ ಮೇಲೆ ಅದು ಟಕ್ ಟಕ್ ಎಂದಿತು. ಕೆಲವದರ ಮೇಲೆ ಒಗ್ಗರಣೆಯ ಸಾಸಿವೆಯಂತೆ ಸಿಡಿಯಿತು. ಮೂಲೆಯ ತುಂಡಿಗೆ ಬಂದಾಗ ಟಕ್ ಟಕ್ ಒಂದಕ್ಕೊಂದು ಕೂಡಿ ಒಂದೇ ಕಿರುಚಾಟವಾಯಿತು. ಜೇಬಿನ ತುಂಡು.

"ಇದನ್ನ ಯಾರು ಹೊದ್ಕೋತಿದ್ರು ಅಮ್ಮ?" ಹುಡುಗಿ ಮೆಲ್ಲಗೆ ಕೇಳಿದಳು.

ನೊರೆಯಕ್ಕ ಜೇಬಿನ ತುಂಡನ್ನೇ ನೋಡಿದಳು. ಆ ಮೂಲೆಯನ್ನು ಕೆನ್ನೆಗೆ ಎಳೆದುಕೊಳ್ಳುತ್ತಿದ್ದ ಕೈ ಅವಳಿಗೆ ಕಾಣುತ್ತಿತ್ತು. ಕೂಸಿನ ಕೈ, ಹುಡುಗನ ಕೈ, ಸಾಯುವಾಗಿನ ಕಡ್ಡಿಯಂಥ ಕೈ. ಹೊಲಿದವಳು ತಾನು. ಜೇಬು ಬಿಚ್ಚದೆ ಬಿಟ್ಟವಳು ತಾನು. ಎರಡು ಮಡಿಕೆ ಮಾಡಿ ಹೊದಿಸಿದವಳೂ ತಾನೇ. ಹೆತ್ತ ಕೈಯೇ ಹೊದಿಸಿತು. ಇದರಿಂದಲೇ ಸತ್ತನಾ ಎಂದು ಕೇಳಿದಳು. ಹುಡುಗಿ ಸುಳ್ಳು ಹೇಳಲಿಲ್ಲ. ಇದರಿಂದಲೇ ಅಂತ ಹೇಳೋಕಾಗಲ್ಲ, ಇದರಿಂದ ಅಲ್ಲ ಅಂತಾನೂ ಹೇಳೋಕಾಗಲ್ಲ ಎಂದಳು. ಯಾರಾದರೂ ಮೊದಲೇ ಅಳೆದಿದ್ದರೆ ಇದು ಮನೆಗೇ ಬರುತ್ತಿರಲಿಲ್ಲ ಎಂದೂ ಹೇಳಿದಳು.

ಅಷ್ಟರಲ್ಲಿ ಸುರಕ್ಷತೆಯ ಅಧಿಕಾರಿ ಓಡಿಬಂದ. ಬ್ಯಾಡ್ಜು ಬೇಡ ಎಂಬ ಆ ಪತ್ರಕ್ಕೆ ರುಜು ಹಾಕಿದವನು ಇವನೇ. ಚರಿತ್ರೆ ಸಾಹೇಬನನ್ನು ಕಣ್ಣಲ್ಲೇ ಆಚೆ ಕಳಿಸಿದ. ಚರಿತ್ರೆ ತಲೆ ತಗ್ಗಿಸಿಕೊಂಡು ಹೋಯಿತು, ಕುರ್ಚಿಯ ಸುದ್ದಿ ಮತ್ತೆ ಬರಲಿಲ್ಲ. ನೊರೆಯಕ್ಕನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದರು. ಚಹಾ ತರಿಸಿದರು. ಅಧಿಕಾರಿಯ ಮಾತು ಬೆಣ್ಣೆ. ಗಾಬರಿಯಾಗುವಂಥದ್ದು ಏನೂ ಇಲ್ಲ, ಇರೋದು ಚೂರೇ ಚೂರು ಎಂದ. ಕೌದಿಯನ್ನು ನಾವು ಇಟ್ಟುಕೊಳ್ಳುತ್ತೇವೆ, ನೀವು ಒಂದು ಕಾಗದಕ್ಕೆ ರುಜು ಹಾಕಿ ಎಂದ. ಬಸುರಿ ಸೊಸೆ ಲಾಂಡ್ರಿಯಲ್ಲಿ ಇದ್ದಾಳಂತಲ್ಲ, ಪಾಪ, ನಾಳೆಯಿಂದ ಆಫೀಸಿನಲ್ಲಿ ಫೈಲು ಜೋಡಿಸುವ ಕೆಲಸ ಕೊಡೋಣ ಎಂದ. ಹಾವೂ ಸಾಯದಂತೆ ಕೋಲೂ ಮುರಿಯದಂತೆ ಮುಗಿಸುವುದರಲ್ಲಿ ಅವನು ಪಳಗಿದವನು.

ಆ ಮಾತಿಗೆ ನೊರೆಯಕ್ಕ ಅಲುಗಿದಳು. ಸೊಸೆ ಅಲ್ಲಿಂದ ಆಚೆ ಬರುತ್ತಾಳೆ. ಕೂಸು ಉಳಿಯುತ್ತದೆ. ಇನ್ನೇನು ಬೇಕು? ಕೈ ಪೆನ್ನಿನ ಕಡೆಗೆ ಹೋಯಿತು. ಆದರೂ ಮೀಟರಿನ ಹುಡುಗಿಯನ್ನು ಕರೆದು, ಇದರಲ್ಲೇನಿದೆ ಓದಮ್ಮ ಎಂದಳು. ಹುಡುಗಿ ಅಧಿಕಾರಿಯ ಮುಖ ನೋಡಿದಳು, ಆಮೇಲೆ ಓದಿದಳು.

"ಸ್ಥಾವರದ ಸ್ವತ್ತಾದ ಬಟ್ಟೆಯನ್ನು ನಾನು ಅನುಮತಿಯಿಲ್ಲದೆ ಒಯ್ದಿದ್ದೆ. ಈಗ ಸ್ವಇಚ್ಛೆಯಿಂದ ಒಪ್ಪಿಸಿದ್ದೇನೆ. ಇದರಿಂದ ನನಗಾಗಲಿ, ನನ್ನ ಮನೆಯವರಿಗಾಗಲಿ ಯಾವುದೇ ತೊಂದರೆ ಆಗಿಲ್ಲ."

"ಕಡೇ ಸಾಲು ಇನ್ನೊಂದ್ಸಲ ಓದು."

ಹುಡುಗಿ ಓದಿದಳು.

ನೊರೆಯಕ್ಕನ ಕೈ ಹಿಂದೆ ಬಂತು. ಮಗ ಹೋದ. ಅವನ ಸಾವಿನ ಮೇಲೆ ಕಳ್ಳತನದ ಕಲೆ ಹಚ್ಚಿ, ತಮ್ಮ ಕಲೆಯನ್ನು ತನ್ನ ಕೈಯಿಂದಲೇ ಒಗೆಸುತ್ತಿದ್ದಾರೆ. ಇನ್ನೊಂದು ಯೋಚನೆ ಬಂತು. ಓಣಿ. ಹದಿಮೂರು ಮನೆಯಲ್ಲಿ ಇದೇ ಬಟ್ಟೆ. ಓಣಿಯ ಕೊನೆಯ ಮನೆಯಲ್ಲಿ ಹಾಲುಗಲ್ಲದ ಮಗು ಇದೇ ಬಟ್ಟೆಯ ದಿಂಬಿನ ಮೇಲೆ ಮಲಗಿದೆ. ತಾನು ರುಜು ಹಾಕಿದರೆ ಕೌದಿ ಡ್ರಮ್ಮಿಗೆ ಹೋಗುತ್ತದೆ, ಡ್ರಮ್ಮು ಮಣ್ಣಿಗೆ ಹೋಗುತ್ತದೆ. ದಿಂಬು ಅಲ್ಲೇ ಇರುತ್ತದೆ.

"ಇದು ಚೂರೇ ಚೂರು ಅಂದ್ರಲ್ಲ ಸಾರ್," ಎಂದಳು. "ಹಾಗಾದ್ರೆ ನನ್ನ ಕೌದಿ ನಂಗೆ ಕೊಡಿ. ಮೊಮ್ಮಗೂನ ಮಲಗಿಸ್ಬೇಕು."

"ಮನೆಗೆ ಒಯ್ಯೋ ಹಾಗಿಲ್ಲಮ್ಮ."

"ಯಾಕೆ?"

ಅಧಿಕಾರಿ ಚಹಾದ ಲೋಟವನ್ನು ಅತ್ತಿಂದಿತ್ತ ಸರಿಸಿದ.

ಅವಳು ಸಂಚಿಯಿಂದ ಹಳೆಯ ಪತ್ರ ತೆಗೆದು ಅವನ ಮುಂದೆ ಬಿಡಿಸಿದಳು. "ಲಾಂಡ್ರಿ ಬಟ್ಟೇಲಿ ಅಪಾಯ ಏನೂ ಇರಲ್ಲ ಅಂತ ನೀವೇ ಬರ್ದಿದ್ದೀರಿ. ಅದು ನಿಜ ಆದ್ರೆ ಕೌದಿ ಕೊಡಿ. ಸುಳ್ಳಾದ್ರೆ ಸುಳ್ಳು ಅಂತ ಇದ್ರ ಕೆಳಗೇ ಬರ್ಕೊಡಿ. ಎರಡ್ರಲ್ಲಿ ಒಂದು. ನಾನು ಕದ್ದಿಲ್ಲ. ನನ್ನ ಮಗಂಗೆ ಏನೂ ಆಗಿಲ್ಲ ಅಂತ ನನ್ನ ಕೈಲಿ ಬರೆಸ್ಬೇಡಿ. ಬರೆಯಲ್ಲ."

ಅಧಿಕಾರಿ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. ಬೆಣ್ಣೆ ಕರಗಿ ಕೆಳಗಿನ ಕಲ್ಲು ಕಂಡಿತು. ಒಗೆಯೋ ಹೆಂಗಸಿಗೆ ಕಾಯ್ದೆ ಗೊತ್ತಾ, ಕೌದಿ ಈಗಲೇ ಡ್ರಮ್ಮಿಗೆ ಹೋಗುತ್ತೆ, ನಿನ್ನ ಮೇಲೆ ಕಳ್ಳತನದ ದೂರೂ ಹೋಗುತ್ತೆ, ನಾಳೆಯಿಂದ ಅತ್ತೆ ಸೊಸೆ ಇಬ್ಬರಿಗೂ ಬಾಗಿಲು ಬಂದ್ ಎಂದು ಏಕವಚನಕ್ಕೆ ಇಳಿದ.

ನೊರೆಯಕ್ಕ ಎದ್ದಳು. ಗೇಟಿಗೆ ಹೋಗಿ ಮೇಜಿನ ಮೇಲಿದ್ದ ಕೌದಿಯನ್ನು ಬಾಚಿ ತಬ್ಬಿಕೊಂಡು ಯಂತ್ರದೊಳಗೆ ಹತ್ತಿ ನಿಂತಳು. ಯಂತ್ರ ಕೂಗಿತು. ಅವಳು ಇಳಿಯಲಿಲ್ಲ. ಅದನ್ನು ಕೆಳಗಿಡಿ ಅಮ್ಮ ಎಂದು ಮೀಟರಿನ ಹುಡುಗಿ ಅಂಗಲಾಚಿದಳು. ಇಪ್ಪತ್ತಮೂರು ವರ್ಷ ಮನೇಲಿದ್ದದ್ದು ಇನ್ನೊಂದು ಗಂಟೆ ಇದ್ರೆ ಏನಾಗುತ್ತೆ, ನೀನು ದೂರ ಇರು ಎಂದಳು ನೊರೆಯಕ್ಕ. ಎಳೆದುಹಾಕಿ ಎಂದು ಅಧಿಕಾರಿ ಕಾವಲಿನವರಿಗೆ ಹೇಳಿದ. ಅವರು ಎರಡು ಹೆಜ್ಜೆ ಮುಂದೆ ಬಂದರು. ಕೆಂಪು ದೀಪ ನೋಡಿದರು. ಮೂರು ಹೆಜ್ಜೆ ಹಿಂದೆ ಹೋದರು. ಅಪಾಯ ಏನೂ ಇಲ್ಲವೆಂದು ಬರೆದವನೂ ಗೋಡೆಗೆ ಒತ್ತಿ ನಿಂತಿದ್ದ.

ಎರಡು ಗಂಟೆಯ ಪಾಳಿ ಬದಲಾಗುವ ಹೊತ್ತು. ಒಳಗೆ ಹೋಗುವವರು ಆಚೆ, ಹೊರಗೆ ಬರುವವರು ಈಚೆ ಸಾಲುಗಟ್ಟಿದರು. ಯಂತ್ರ ಆಫ್ ಮಾಡು ಎಂದು ಅಧಿಕಾರಿ ಕಿರುಚಿದ.

"ಆಫ್ ಮಾಡಿದ್ರೆ ಗೇಟು ಮುಚ್ಬೇಕು ಸಾರ್," ಎಂದಳು ಹುಡುಗಿ. "ಅಳೆಯದೆ ಯಾರೂ ದಾಟೋ ಹಾಗಿಲ್ಲ. ನೀವೇ ಬರೆದ ನಿಯಮ."

ಆಗ ಸೊಸೆ ಬಂದಳು. ಅತ್ತೆ ಕುರ್ಚಿಯ ಮೇಲೆ ಕೂತಿರುವುದನ್ನು ನೋಡಲು ಊಟದ ಬಿಡುವಿನಲ್ಲಿ ಓಡಿಬಂದಿದ್ದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹತ್ತಿರ ಬರುತ್ತಿದ್ದವಳನ್ನು ನೊರೆಯಕ್ಕ ಗದರಿಸಿ ನಿಲ್ಲಿಸಿದಳು. ಎಂದೂ ಸೊಸೆಯನ್ನು ಗದರಿದವಳಲ್ಲ.

"ಅಲ್ಲೇ ನಿಲ್ಲು. ಹತ್ರ ಬರ್ಬೇಡ. ಕೇಳಿಸ್ಕೋ. ಓಣಿಗೆ ಹೋಗು, ಲಾಂಡ್ರಿಗೆ ಹೋಗು, ಎಲ್ರಿಗೂ ಹೇಳು. ಮೇಸ್ತ್ರಿ ಕೊಟ್ಟ ಹಳೇ ಬಟ್ಟೆ ಮನೇಲಿ ಎಲ್ಲೆಲ್ಲಿದ್ಯೋ ಎಲ್ಲಾ ಇಲ್ಲಿಗೆ ತರ್ಲಿ. ಕೈಲಿ ಮುಟ್ಬಾರ್ದು, ಕೋಲಲ್ಲಿ ಎತ್ತಿ ಬಕೆಟ್ಟಿಗೆ ಹಾಕ್ಲಿ. ನೀನು ಏನೂ ಎತ್ಬೇಡ. ಹೇಳು ಸಾಕು."

ಸೊಸೆ ಕೌದಿಯನ್ನು ನೋಡಿದಳು. ಕೆಂಪು ದೀಪವನ್ನು ನೋಡಿದಳು. ತಿರುಗಿ ನಡೆದಳು.

ಮುಕ್ಕಾಲು ಗಂಟೆ ಯಂತ್ರ ಕೂಗಿತು. ನೊರೆಯಕ್ಕನ ಕಾಲು ಜೋಮು ಹಿಡಿಯಿತು. ಸಾಲಿನಲ್ಲಿದ್ದವರು ಮೊದಲು ಬೈದರು. ಮನೆಗೆ ಹೋಗಬೇಕು, ಏನು ನಾಟಕ ಇದು ಎಂದರು. ಆಮೇಲೆ ಒಬ್ಬ ಹಳೆಯ ವೆಲ್ಡರು ಕೌದಿಯ ಬಟ್ಟೆಯನ್ನು ಗುರುತಿಸಿದ. ಒಂಬತ್ತು ದಿನ ಮಂಡಿಯೂರಿ ನೆಲ ಒರೆಸಿದವರಲ್ಲಿ ಅವನೂ ಒಬ್ಬ. ಇದು ಆಗಿಂದು, ಆಗಿಂದೇ ಎಂದು ಪಕ್ಕದವನಿಗೆ ಹೇಳಿದ. ಪಕ್ಕದವನು ಅವನ ಪಕ್ಕದವನಿಗೆ ಹೇಳಿದ. ಬೈಗುಳ ನಿಂತಿತು.

ಹದಿಮೂರು ಹೆಂಗಸರು ರಸ್ತೆಯ ತಿರುವಿನಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಲಾಂಡ್ರಿಯ ಬಕೆಟ್ಟುಗಳು. ಹದಿಮೂರನೆಯವಳಾಗಿ ಕೊನೆಯಲ್ಲಿ ಬರಿಗೈಯ ಸೊಸೆ. ಬಕೆಟ್ಟುಗಳಲ್ಲಿ ಪರದೆಯ ಚೂರು, ಮಸಿಬಟ್ಟೆ, ಬಾಗಿಲಲ್ಲಿ ಕಾಲೊರೆಸುವ ಬಟ್ಟೆ, ಅಂಗೈಯಗಲದ ದಿಂಬು. ಒಬ್ಬಳೂ ಅಳುತ್ತಿರಲಿಲ್ಲ. ಒಬ್ಬಳೂ ಕೂಗುತ್ತಿರಲಿಲ್ಲ. ಬಂದು ಸಾಲಿನಲ್ಲಿ ನಿಂತರು. ಒಳಗಿನವರು ಜಾಗ ಬಿಟ್ಟರು.

ನೊರೆಯಕ್ಕ ಆಗ ಇಳಿದಳು. ಕೌದಿಯನ್ನು ಮೇಜಿನ ಮೇಲೆ ಇಟ್ಟಳು. ನಾವೆಲ್ಲ ಬಂದಿದ್ದೀವಿ, ಒಬ್ಬೊಬ್ಬರನ್ನೇ ಅಳೆ, ಅಳೆದದ್ದನ್ನ ಬರಿ ಎಂದು ಮೀಟರಿನ ಹುಡುಗಿಗೆ ಹೇಳಿದಳು. ಬರೆದರೆ ನಿನ್ನ ಕೆಲಸ ಹೋಯಿತು ಎಂದ ಅಧಿಕಾರಿ. ಹುಡುಗಿ ಪುಸ್ತಕ ತೆರೆದಳು.

ಏಳು ತಿಂಗಳವಳು ಮೊದಲು ಹೋಗಲಿ ಎಂದು ಹೆಂಗಸರು ಸೊಸೆಯನ್ನು ಮುಂದೆ ಬಿಟ್ಟರು. ಅವಳು ಹತ್ತಿದಳು. ಹೊಟ್ಟೆ ಅಡ್ಡಬಂದು ಓರೆಯಾಗಿ ನಿಂತಳು. ಎರಡು ಕೈಯನ್ನು ಎರಡು ತೂತಿಗೆ ತೂರಿಸಿದಳು. ಹತ್ತು, ಒಂಬತ್ತು, ಎಂಟು. ಮೂರು, ಎರಡು, ಒಂದು.

ಕೆಂಪು.

ಹುಡುಗಿ ಓಡಿಹೋಗಿ ಮೀಟರು ಹಿಡಿದು ನೋಡಿದಳು. ಕೈ ಮಾತ್ರ, ಉಗುರಿನ ಸಂದಿ, ಬೇರೆಲ್ಲೂ ಇಲ್ಲ, ತೊಳೆದರೆ ಹೋಗುತ್ತೆ ಎಂದು ಸಮಾಧಾನ ಹೇಳಿದಳು.

"ತೊಳೆದೇ ಬಂದದ್ದಮ್ಮ ಅದು," ಎಂದಳು ನೊರೆಯಕ್ಕ.

ಹುಡುಗಿ ತಲೆ ತಗ್ಗಿಸಿ ಪುಸ್ತಕದ ಮುಂದೆ ಕೂತಳು. ಹೆಸರು ಬರೆದಳು. ವಿಭಾಗ ಎಂಬಲ್ಲಿ ಲಾಂಡ್ರಿ ಎಂದು ಬರೆದಳು. ಮುಂದಿನ ಕಾಲಮ್ಮಿನಲ್ಲಿ ಕೆಲಸದ ಜಾಗ ಒಳಗೋ ಹೊರಗೋ ಎಂದು ತುಂಬಬೇಕಿತ್ತು. ಅಲ್ಲಿ ಪೆನ್ನು ನಿಂತಿತು. ಗೋಡೆಗೊತ್ತಿ ನಿಂತಿದ್ದ ಅಧಿಕಾರಿ, ಹೊರಗೆ, ಹೊರಗೆ ಅಂತ ಬರಿ ಎಂದ.

ನೊರೆಯಕ್ಕ ಸೊಸೆಯ ಎರಡೂ ಕೈಗಳನ್ನು ಹಿಡಿದು ಹುಡುಗಿಯ ಮುಂದೆ ಚಾಚಿದಳು.

"ಒಳಗೆ ಅಂತ ಬರಿಯಮ್ಮ," ಎಂದಳು.

ಹುಡುಗಿ ಬರೆದಳು. ಬರೆದು, ಮುಂದಿನವರು ಬನ್ನಿ ಎಂದು ಕರೆದಳು.